ಐರಿಸ್ ಪೆಂಗೆಲಿಯ ಎಡಗೈ

ನನ್ನ ಗಂಡ ರಾಸ್ ಪೆಂಗೆಲಿ ಯಾರಂಬೆಲ್ ನಗರಕ್ಕೆ ಎಂಟು ವರ್ಷ ಮೇಯರ್ ಆಗಿದ್ದ. ಆ ಎಂಟು ವರ್ಷಗಳಲ್ಲಿ ಅವನನ್ನು ಮುಖದ ಮೇಲೇ ಬೈದವರಿಗೆ ಲೆಕ್ಕವಿಲ್ಲ. ಬೇಕರಿಯ ಸಾಲಿನಲ್ಲಿ, ಫುಟ್‌ಬಾಲ್ ಮೈದಾನದಲ್ಲಿ, ಒಮ್ಮೆಯಂತೂ ಒಬ್ಬರ ಅಂತ್ಯಸಂಸ್ಕಾರದ ಮಧ್ಯೆ, ಜನ ಅವನ ತೋಳು ಹಿಡಿದು ರಸ್ತೆ ಗುಂಡಿಯ ಬಗ್ಗೆ, ಕಸದ ಡಬ್ಬಿಯ ಬಗ್ಗೆ ಕೂಗಾಡಿದ್ದಾರೆ. ರಾಸ್ ನಗುತ್ತಲೇ ಕೇಳಿಸಿಕೊಳ್ಳುತ್ತಿದ್ದ. ಅವನ ನಗು ಮಾಯವಾಗುತ್ತಿದ್ದದ್ದು ಒಬ್ಬರ ಎದುರಿಗೆ ಮಾತ್ರ. ಅದು ಅವನ ತಾಯಿ, ನನ್ನ ಅತ್ತೆ ಐರಿಸ್.

ಅತ್ತೆ ನಲವತ್ತೊಂದು ವರ್ಷ ನದಿ ದಂಡೆಯ ನಗರ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸಿದವರು. ಬೆಳಗಿನ ಆರು ಗಂಟೆಗೆ ಸೊಂಟದುದ್ದ ತಣ್ಣೀರಿನಲ್ಲಿ ನಿಂತು, ಒಂದೊಂದು ಮಗುವನ್ನೂ ಅಂಗೈ ಮೇಲೆ ಮಲಗಿಸಿಕೊಂಡು ಕಲಿಸುತ್ತಿದ್ದರು. ಈ ಊರಿನ ಅರ್ಧ ಜನರ ಹೊಟ್ಟೆಯ ಕೆಳಗೆ ಒಂದು ಕಾಲದಲ್ಲಿ ಅತ್ತೆಯ ಅಂಗೈ ಇತ್ತು. ಬ್ಯಾಂಕಿನ ಮ್ಯಾನೇಜರ್, ಪೊಲೀಸ್ ಸಾರ್ಜೆಂಟ್, ಇಬ್ಬರು ಪಾದ್ರಿಗಳು, ಎಲ್ಲರೂ ಅವರನ್ನು ಇವತ್ತಿಗೂ 'ಮಿಸೆಸ್ ಪಿ' ಎಂದೇ ಕರೆಯುತ್ತಾರೆ, ಮತ್ತು ಕರೆಯುವಾಗ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ಗೋಧಿ ಹೊಲಗಳ ನಡುವಿನ ಒಣ ಊರಿನಿಂದ ಬಂದ ನನಗೆ ಮಾತ್ರ ಅವರು ಈಜು ಕಲಿಸಲಾಗಲಿಲ್ಲ. 'ನನ್ನ ಸೊಸೆ ಕಲ್ಲು, ಹಾಕಿದ ಕಡೆ ಮುಳುಗ್ತಾಳೆ' ಎಂದು ಮದುವೆಯಾದ ವರ್ಷವೇ ಎಲ್ಲರಿಗೂ ಹೇಳಿಬಿಟ್ಟಿದ್ದರು. ನಮ್ಮಿಬ್ಬರಿಗೆ ಅಷ್ಟಕ್ಕಷ್ಟೆ.

ಆ ಕೊಳ ಹಳೆಯದಾಗಿತ್ತು. ಗೋಡೆ ಬಿರುಕು ಬಿಟ್ಟು ನೀರು ಸೋರುತ್ತಿತ್ತು. ಅದನ್ನು ಮುಚ್ಚಿ, ಜಾಗವನ್ನು ಒಂದು ಹೋಟೆಲಿಗೆ ಮಾರಿ, ಹೆದ್ದಾರಿಯ ಪಕ್ಕ ಸೂರಿರುವ ಹೊಸ ಕೊಳ ಕಟ್ಟಬೇಕೆಂದು ರಾಸ್‌ನ ನಗರಸಭೆ ತೀರ್ಮಾನಿಸಿತು. ಚುನಾವಣೆಗೆ ಒಂಬತ್ತು ತಿಂಗಳು ಮುಂಚೆ, ಕ್ರಿಸ್ಮಸ್ ಊಟದ ಮೇಜಿನಲ್ಲಿ ಅತ್ತೆ ಆ ವಿಷಯ ಎತ್ತಿದರು. ನಮ್ಮಲ್ಲಿ ಕ್ರಿಸ್ಮಸ್ ಬರುವುದು ನಡುಬೇಸಿಗೆಯಲ್ಲಿ, ಹೊರಗೆ ನಲವತ್ತು ಡಿಗ್ರಿ ಬಿಸಿಲು. ನಾವೆಲ್ಲ ತಣ್ಣಗಿನ ಸೀಗಡಿ ಸುಲಿಯುತ್ತ ಕೂತಿದ್ದೆವು.

"ರಾಸ್, ಆ ಕೊಳ ಮಾರಿದ್ರೆ ನನ್ನ ಓಟು ನಿನಗಿಲ್ಲ."

"ಅಮ್ಮ, ಅದು ಸೋರ್ತಾ ಇದೆ."

"ನೀನೂ ಸಣ್ಣವನಿದ್ದಾಗ ಸೋರ್ತಿದ್ದೆ. ನಿನ್ನ ಮಾರಿದ್ನಾ?"

ಮೇಜಿನ ಸುತ್ತ ಇದ್ದವರೆಲ್ಲ ನಕ್ಕು ನಕ್ಕು ಸುಸ್ತಾದರು. ರಾಸ್ ಕೂಡ ನಗಲು ನೋಡಿದ, ಆಗಲಿಲ್ಲ. ಅತ್ತೆ ನಗಲಿಲ್ಲ. ಸೀಗಡಿಯ ತಲೆ ಮುರಿದು ತಟ್ಟೆಯ ಅಂಚಿಗಿಟ್ಟು, "ನಾನು ತಮಾಷೆ ಮಾಡ್ತಿಲ್ಲ" ಎಂದರು.

ಫೆಬ್ರವರಿಯಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಆರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಅವರ ಬಾಯಲ್ಲಿ ಉಳಿದಿದ್ದದ್ದು ನಾಲ್ಕೈದು ಪದ. 'ನೀರು', 'ಇಲ್ಲ', 'ಸಾಕು', ತಮ್ಮ ಹೆಸರು, ಮತ್ತೆ ಇಲ್ಲಿ ಬರೆಯಲಾಗದ ಒಂದು ಬೈಗುಳ. ಅದನ್ನಂತೂ ಅವರು ಅತ್ಯಂತ ಸ್ಪಷ್ಟವಾಗಿ ಹೇಳುತ್ತಿದ್ದರು. ಎಡಗೈ ಉಳಿದಿತ್ತು, ಆದರೆ ಅದು ಹತ್ತು ವರ್ಷದಿಂದಲೂ ನಡುಗುವ ಕೈ. ಎಂಬತ್ತಾರು ವರ್ಷ ಅದು ಚಹದ ಕಪ್ಪಿನ ಕಿವಿ ಹಿಡಿದದ್ದು ಬಿಟ್ಟರೆ ನಾಜೂಕಿನ ಕೆಲಸ ಮಾಡಿದ್ದೇ ಇಲ್ಲ.

ಅತ್ತೆಯ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಬೆಳಿಗ್ಗೆ ಔಷಧದಂಗಡಿಯ ಕೆಲಸಕ್ಕೆ ಹೋಗುವ ಮುಂಚೆ ನಾನು ಅಲ್ಲಿಗೆ ಹೋಗಿ ಸ್ನಾನ ಮಾಡಿಸಿ ಬರುತ್ತಿದ್ದೆ. ಸಂಜೆ ನಗರಸಭೆಯಿಂದ ನೇರವಾಗಿ ರಾಸ್ ಹೋಗಿ ಊಟ ಮಾಡಿಸುತ್ತಿದ್ದ. ಜೂನ್ ಹೊತ್ತಿಗೆ ಅತ್ತೆಯ ಕುರ್ಚಿಯ ದಿಂಬಿನ ಕೆಳಗೆ ನನಗೆ ಹಳೆಯ ಪತ್ರಿಕೆಗಳು ಸಿಗತೊಡಗಿದವು. ಅವುಗಳ ಅಂಚಿನ ಬಿಳಿ ಜಾಗದ ತುಂಬ ಪೆನ್ಸಿಲ್ಲಿನ ಗೆರೆಗಳು. ಎಲ್ಲವೂ ಒಂದೇ ಬಗೆಯ ಗೆರೆ. ಮೇಲಿಂದ ಕೆಳಕ್ಕೆ ನಡುಗುತ್ತ ಇಳಿದು, ಕೊನೆಯಲ್ಲಿ ಮಣಿಕಟ್ಟು ಸೋತು ಎಡಕ್ಕೊಂದು ಸಣ್ಣ ಕೊಕ್ಕೆ. ಮೊದಮೊದಲು ಅಡ್ಡಾದಿಡ್ಡಿ ಇದ್ದ ಅವು ದಿನ ಕಳೆದಂತೆ ನೆಟ್ಟಗಾಗುತ್ತ ಬಂದವು. ವ್ಯಾಯಾಮ ಮಾಡಿಸಲು ಬರುವ ಥೆರಪಿಸ್ಟ್ ಹೇಳಿರಬೇಕು ಅಂದುಕೊಂಡೆ. ಆಕೆಯನ್ನು ಕೇಳಿದರೆ, "ನಾನು ಹೇಳಿಲ್ಲಪ್ಪ, ಆದ್ರೆ ಮಾಡ್ಲಿ ಬಿಡಿ, ಒಳ್ಳೇದೇ" ಎಂದಳು. ನಾನೂ ಬಿಟ್ಟೆ.

ಜುಲೈನಲ್ಲಿ ಕಾರ್ಮೆನ್ ವೆಲ್ಲಾ ಮೇಯರ್ ಸ್ಥಾನಕ್ಕೆ ನಿಂತಳು. ಮಾಲ್ಟಾದಿಂದ ಬಂದ ಕುಟುಂಬದವಳು, ಇಪ್ಪತ್ತೆರಡು ವರ್ಷದಿಂದ ಶಾಲೆಯ ಬಸ್ ಓಡಿಸುತ್ತಿದ್ದವಳು. ಅವಳಿಗೆ ಊರಿನ ಪ್ರತಿ ಮನೆಯ ಗೇಟೂ ಗೊತ್ತು. ಕೊಳ ಉಳಿಸುತ್ತೇನೆ ಎಂಬುದೊಂದೇ ಅವಳ ಮಾತು. ಉಳಿದ ಯಾರೂ ನಿಲ್ಲಲಿಲ್ಲ. ರಾಸ್ ಅಥವಾ ಕಾರ್ಮೆನ್, ಎರಡರಲ್ಲೊಂದು.

ರಾಸ್‌ನ ಪ್ರಚಾರ ನೋಡಿಕೊಂಡವನು ವಾರೆನ್ ಕಿಟ್ಟೊ, ಮನೆ ಮಾರಾಟದ ದಲ್ಲಾಳಿ, ಶಾಲೆಯ ದಿನಗಳಿಂದ ಅವನ ಗೆಳೆಯ. "ಬಸ್ ಡ್ರೈವರ್ ಮಾರಾಯ! ಗೆಲ್ಲೋದು ಬಿಡು, ಡಿಪಾಸಿಟ್ಟೂ ಸಿಗಲ್ಲ" ಅನ್ನುತ್ತಿದ್ದ. ನಾನು ಮೂರು ವಾರ ಮನೆಮನೆ ಸುತ್ತಿ ಬಾಗಿಲು ಬಡಿದೆ. ಬಡಿದ ಮೇಲೆ ನನಗೆ ಅವನಷ್ಟು ಧೈರ್ಯ ಉಳಿಯಲಿಲ್ಲ.

ಚುನಾವಣೆ ಸೆಪ್ಟೆಂಬರಿನ ಎರಡನೆಯ ಶನಿವಾರ. ಊರಾಚೆ ಸಾಸಿವೆಯಂಥ ಹಳದಿ ಹೂವಿನ ಹೊಲಗಳು ಕಣ್ಣು ಕುಕ್ಕುತ್ತಿದ್ದವು. ನಡೆಯಲಾಗದವರು ಅಂಚೆಯಲ್ಲಿ ಮತ ಕಳಿಸಬಹುದು. ಅದನ್ನು ರಾಸ್ ಮೊದಲೇ ಹೇಳಿದ್ದ. ಅತ್ತೆ "ಇಲ್ಲ" ಎಂದಿದ್ದರು. ಹಾಗಾಗಿ ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ನಾನೇ ಅವರನ್ನು ಪ್ರಾಥಮಿಕ ಶಾಲೆಯ ಮತಗಟ್ಟೆಗೆ ತಳ್ಳಿಕೊಂಡು ಹೋದೆ.

ಗೇಟಿನ ಹೊರಗೆ ಪಾಲಕರ ಸಂಘದವರು ಸಾಸೇಜ್ ಸುಡುತ್ತಿದ್ದರು, ಈರುಳ್ಳಿಯ ಹೊಗೆ ಬೀದಿ ತುಂಬಿತ್ತು. ನೀಲಗಿರಿ ಮರದಲ್ಲಿ ಗೂಡು ಕಟ್ಟಿದ್ದ ಮ್ಯಾಗ್‌ಪೈ ಹಕ್ಕಿಯೊಂದು ಸಾಲಿನಲ್ಲಿ ನಿಂತವರ ತಲೆಗೆ ಎರಗಿ ಎರಗಿ ಹೋಗುತ್ತಿತ್ತು. ಒಬ್ಬಾತ ಐಸ್‌ಕ್ರೀಮ್ ಡಬ್ಬಿಯನ್ನೇ ಟೋಪಿಯಂತೆ ಹಾಕಿಕೊಂಡಿದ್ದ. ತನ್ನ ಪ್ರಚಾರದ ಚೀಟಿ ಹಂಚುತ್ತ ನಿಂತಿದ್ದ ರಾಸ್ ನಮ್ಮನ್ನು ನೋಡಿ ಓಡಿ ಬಂದ. ಎರಡು ಹೆಜ್ಜೆ ಆಚೆ ಕಾರ್ಮೆನ್ ನಿಂತಿದ್ದಳು.

"ಮಿಸೆಸ್ ಪಿ! ಹೇಗಿದ್ದೀರಿ?" ಎಂದು ಕಾರ್ಮೆನ್ ಬಾಗಿ ಕೇಳಿದಳು. "ನನ್ನ ಚೀಟಿ ಕೊಡಲಾ?"

"ನಮ್ಮಮ್ಮನಿಗೆ ಚೀಟಿ ಕೊಟ್ಟು ಕೆಟ್ಟವರುಂಟು, ಕಾರ್ಮೆನ್" ಎಂದ ರಾಸ್. "ಅವಳಿಗೆ ಯಾರೂ ಏನೂ ಹೇಳಿಕೊಡೋ ಹಾಗಿಲ್ಲ."

ಅತ್ತೆ ಇಬ್ಬರ ಚೀಟಿಯನ್ನೂ ತೆಗೆದುಕೊಳ್ಳಲಿಲ್ಲ.

ಒಳಗೆ ಮೇಜಿನ ಹಿಂದಿದ್ದ ಅಧಿಕಾರಿ ಹೆಸರು ಕೇಳಿದಾಗ "ಐ... ರಿಸ್" ಎಂದರು. ಮುಂದಿನದನ್ನು ನಾನು ಹೇಳಿದೆ. "ಈ ಚುನಾವಣೆಯಲ್ಲಿ ಈಗಾಗಲೇ ಮತ ಹಾಕಿದ್ದೀರಾ?" ಎಂದು ಎಲ್ಲರನ್ನೂ ಕೇಳುವಂತೆ ಕೇಳಿದಾಗ "ಇಲ್ಲ!" ಎಂದು ಗುಡುಗಿದರು. ಸಾಲಿನಲ್ಲಿ ನಗೆ ಎದ್ದಿತು. ಬರೆಯಲು ಸಹಾಯ ಬೇಕೇ, ಸೊಸೆ ಜೊತೆಗೆ ಬರಬಹುದು ಎಂದು ಅಧಿಕಾರಿ ಹೇಳಿದ. ಅತ್ತೆ ಮತ್ತೆ "ಇಲ್ಲ" ಎಂದು ಎಡಗೈಯಿಂದ ನನ್ನನ್ನು ನೊಣದಂತೆ ಓಡಿಸಿದರು. ನಾನು ಅವರ ಕುರ್ಚಿಯನ್ನು ರಟ್ಟಿನ ಮರೆಯ ತನಕ ತಳ್ಳಿ, ನಾಲ್ಕು ಹೆಜ್ಜೆ ಹಿಂದೆ ಬಂದು ಬೆನ್ನು ತಿರುಗಿಸಿ ನಿಂತೆ.

ಸಾಮಾನ್ಯರಿಗೆ ಅದು ಒಂದು ನಿಮಿಷದ ಕೆಲಸ. ಗೋಡೆಯ ಗಡಿಯಾರ ನನ್ನ ಎದುರಿಗಿತ್ತು. ಐದು ನಿಮಿಷವಾಯಿತು. ಹತ್ತಾಯಿತು. ಪೆನ್ಸಿಲ್ ಬಿದ್ದ ಸದ್ದು ಕೇಳಿತು. ಅದಕ್ಕೆ ದಾರ ಕಟ್ಟಿದ್ದರಿಂದ ಅವರೇ ಎಳೆದುಕೊಂಡರು. ಮತ್ತೆ ಬಿತ್ತು. ಮತ್ತೆ ಎಳೆದುಕೊಂಡರು. ನಡುವೆ ರಟ್ಟಿನ ಮೇಲೆ ಏನೋ ಭಾರವಾದದ್ದು ಧೊಪ್ಪೆಂದು ಬಿದ್ದ ಸದ್ದು. ಹಿಂದೆ ಸಾಲು ಬಾಗಿಲು ದಾಟಿ ಅಂಗಳಕ್ಕೆ ಬೆಳೆದಿತ್ತು. ಬೇರೆ ಮರೆಗಳು ಖಾಲಿಯಾಗುತ್ತಿದ್ದರೂ ಯಾಕೋ ಯಾರೂ ಅತ್ತ ಹೋಗಲಿಲ್ಲ. ಶನಿವಾರದ ಫುಟ್‌ಬಾಲಿಗೆ, ಅಂಗಡಿಗೆ ಹೊತ್ತಾಗುತ್ತಿದ್ದ ಜನ ಅವರು. ಒಬ್ಬರೂ ಗೊಣಗಲಿಲ್ಲ. ಒಬ್ಬರ ಫೋನು ರಿಂಗಾದರೆ ಅವರು ತಕ್ಷಣ ಅದರ ಬಾಯಿ ಮುಚ್ಚಿದರು. ನೀರಿನಲ್ಲಿ ಮೊದಲ ಸಲ ಕೈ ಬಿಟ್ಟ ಮಗುವನ್ನು ದಡದ ಮೇಲಿಂದ ನೋಡುವಾಗ ಜನ ಉಸಿರು ಹಿಡಿಯುತ್ತಾರಲ್ಲ, ಹಾಗೆ ಇಡೀ ಸಾಲು ನಿಂತಿತ್ತು.

ಹದಿನೆಂಟು ನಿಮಿಷದ ಮೇಲೆ "ಸಾಕು" ಎಂದು ಕೇಳಿತು.

ನಾನು ಹೋಗಿ ನೋಡಿದಾಗ ಮೇಯರ್ ಆಯ್ಕೆಯ ಸಣ್ಣ ಚೀಟಿ ಮಡಿಸಿಯಾಗಿತ್ತು. ಸದಸ್ಯರ ಆಯ್ಕೆಯದು ಮೇಜುಬಟ್ಟೆಯಷ್ಟು ದೊಡ್ಡ ಹಾಳೆ. ಅದನ್ನು ಮುಟ್ಟಲು ಕೈಯಲ್ಲಿ ಶಕ್ತಿ ಉಳಿದಿರಲಿಲ್ಲ. ಖಾಲಿಯಾಗಿಯೇ ಮಡಿಸಿಕೊಡು ಎಂದು ಸನ್ನೆ ಮಾಡಿದರು. ಎರಡನ್ನೂ ತಮ್ಮ ಕೈಯಿಂದಲೇ ಪೆಟ್ಟಿಗೆಗೆ ಹಾಕಿದರು. ಹಣೆಯ ಮೇಲೆ ಬೆವರು ಹನಿ ಹನಿಯಾಗಿ ನಿಂತಿತ್ತು. ಹೊರಗೆ ಬಂದಾಗ ರಾಸ್ ಸಾಸೇಜನ್ನು ಸಣ್ಣಗೆ ಕತ್ತರಿಸಿ ಬ್ರೆಡ್ಡಿನಲ್ಲಿಟ್ಟು ತಿನ್ನಿಸಿದ. ಅತ್ತೆ ಅವನ ಮುಖವನ್ನೇ ನೋಡುತ್ತ ತಿಂದರು.

ಆ ಸಂಜೆಯ ಎಣಿಕೆಯಲ್ಲಿ ರಾಸ್ ಇನ್ನೂರಹನ್ನೆರಡು ಮತಗಳಿಂದ ಮುಂದಿದ್ದ. ವಾರೆನ್ ಬಿಯರ್ ತೆರೆದ. ಆಮೇಲೆ ಅಂಚೆಯ ಮತಗಳು, ಮುಂಚಿತವಾಗಿ ಹಾಕಿದ ಮತಗಳು ಬರತೊಡಗಿದವು. ದಿನಕ್ಕೊಂದಿಷ್ಟು ಅಂತರ ಸವೆಯಿತು. ಎರಡು ವಾರದ ಕೊನೆಗೆ ರಾಸ್ ಮುಂದಿದ್ದದ್ದು ಮೂರೇ ಮತದಿಂದ. ಕಾರ್ಮೆನ್ ಮರುಎಣಿಕೆ ಕೇಳಿದಳು, ಸಿಕ್ಕಿತು.

ಮರುಎಣಿಕೆ ಒಂದು ಮಂಗಳವಾರ ಬೆಳಿಗ್ಗೆ, ನಗರದ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ. ಸ್ಪರ್ಧಿಗಳು ಒಳಗೆ ಬರುವಂತಿಲ್ಲ, ಅವರ ಏಜೆಂಟರು ನಿಂತು ನೋಡಬಹುದು, ಮುಟ್ಟುವಂತಿಲ್ಲ. ರಾಸ್ ಕಡೆಯಿಂದ ವಾರೆನ್, ನಾನು ಮತ್ತು ಇನ್ನಿಬ್ಬರು. ಕಾರ್ಮೆನ್ ಕಡೆಯಿಂದ ಅವಳ ತಮ್ಮ ಸಾಲ್ವು ಮತ್ತು ಮೂವರು. ಬೇರೆ ಊರಿನಿಂದ ಬಂದಿದ್ದ ಚುನಾವಣಾಧಿಕಾರಿ ನೋಲಾ ಫರ್ತಿಂಗ್ ಎಂಬ ಹೆಂಗಸು, ಕನ್ನಡಕ ಸರದಲ್ಲಿ ನೇತುಹಾಕಿಕೊಂಡು, ನಗದೆ, ನಿಧಾನವಾಗಿ ಓಡಾಡುತ್ತಿದ್ದಳು.

ಪೆಟ್ಟಿಗೆಗಳನ್ನು ಮೇಜುಗಳ ಮೇಲೆ ಸುರಿದಾಗ ನಾನು ಬೆರಗಾಗಿ ನಿಂತೆ. ಹತ್ತೊಂಬತ್ತು ಸಾವಿರ ಚೀಟಿ. ನಾನು ಮೂವತ್ತು ವರ್ಷ ಬದುಕಿದ ಊರೇ ಕಾಗದವಾಗಿ ನನ್ನ ಮುಂದೆ ಬಿದ್ದಿತ್ತು. ಬೇಕಾದವರ ಹೆಸರಿನ ಪಕ್ಕದ ಚೌಕದಲ್ಲಿ ಒಂದು ಎಂದು ಬರೆಯುವುದೇ ನಮ್ಮಲ್ಲಿ ಮತ. ಆ ಒಂದೇ ಅಂಕಿಯನ್ನು ಅಷ್ಟು ಜನ ಅಷ್ಟು ಥರ ಬರೆಯಬಲ್ಲರು ಎಂದು ನನಗೆ ಗೊತ್ತಿರಲಿಲ್ಲ. ಕಾಗದ ತೂತಾಗುವಂತೆ ಒತ್ತಿದ ಒಂದು. ಮೀನಿನ ಗಾಳದಂಥ ಒಂದು. ಹೆದರಿ ಚೌಕದ ಮೂಲೆಗೆ ಸೇರಿದ ಒಂದು. ಮೊದಲು ಬರೆದು, ಉಜ್ಜಿ ಅಳಿಸಿ, ಯೋಚಿಸಿ, ಮತ್ತೆ ಅಲ್ಲೇ ಬರೆದ ಒಂದು. ಇವರಲ್ಲಿ ಎಷ್ಟೋ ಜನ ನನಗೆ ದಿನವೂ ಔಷಧದಂಗಡಿಯಲ್ಲಿ ಎದುರಾಗುವವರು. ಆದರೂ ಯಾವ ಗೆರೆ ಯಾರದೆಂದು ಹೇಳುವ ಹಾಗಿರಲಿಲ್ಲ. ಸೇವಕರು, ಸಾಲಗಾರರು, ಗಂಡನಿಗೆ ಹೆದರುವ ಹೆಂಡತಿಯರು, ಎಲ್ಲರೂ ಅಲ್ಲಿ ಒಂದೇ ಅಳತೆಯ ಚೌಕದೊಳಗೆ ಇದ್ದರು. ಚರ್ಚಿನಲ್ಲಿ ನನಗೆ ಎಂದೂ ಆಗದ ಅನುಭವ ಆ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಆಯಿತು. ದನಿ ತಗ್ಗಿಸಿ ಮಾತಾಡಬೇಕು ಅನ್ನಿಸಿತು.

ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿ ಎಣಿಸಿದರು. ಕಾರ್ಮೆನ್‌ಳ ಒಂದು ಕಟ್ಟಿನಲ್ಲಿ ಐವತ್ತರ ಬದಲು ಐವತ್ತೊಂದು ಸಿಕ್ಕಿತು, ಅವಳದೇ ಇನ್ನೊಂದು ಮತ ರಾಸ್‌ನ ಕಟ್ಟಿನಲ್ಲಿ ಸೇರಿತ್ತು. ಮಧ್ಯಾಹ್ನದ ಹೊತ್ತಿಗೆ ಲೆಕ್ಕ ನಿಂತಿತು. ರಾಸ್‌ಗೆ ಒಂಬತ್ತು ಸಾವಿರದ ನಾನೂರ ಹದಿನಾರು. ಕಾರ್ಮೆನ್‌ಗೂ ಒಂಬತ್ತು ಸಾವಿರದ ನಾನೂರ ಹದಿನಾರು.

ಸಮವಾದರೆ ಎರಡು ಹೆಸರು ಬರೆದು ಚೀಟಿ ಎತ್ತುವುದು ನಿಯಮ. ಆದರೆ ಅದಕ್ಕೆ ಮುಂಚೆ ಅಸಿಂಧು ಎಂದು ಬದಿಗಿಟ್ಟ ಮತಗಳನ್ನು ಮತ್ತೊಮ್ಮೆ ನೋಡಬೇಕಿತ್ತು. ಆ ಕಟ್ಟು ನಾನಿದ್ದ ಮೇಜಿಗೆ ಬಂತು. ನೋಲಾ ಒಂದೊಂದನ್ನೇ ಎತ್ತಿ ತೋರಿಸುತ್ತ ಹೋದಳು. ಖಾಲಿ ಚೀಟಿಗಳು. ಇಬ್ಬರಿಗೂ ಒಂದು ಎಂದು ಬರೆದವು. 'ಇಬ್ಬರೂ ಕತ್ತೆಗಳು' ಎಂದು ಬರೆದದ್ದು. ಕತ್ತೆಯ ಚಿತ್ರವನ್ನೇ ಬರೆದದ್ದು. ಎಲ್ಲವೂ ಅಸಿಂಧುವೇ, ಯಾರದೂ ತಕರಾರಿಲ್ಲ.

ಆಮೇಲೆ ಅವಳು ಒಂದು ಚೀಟಿ ಎತ್ತಿ, ಕನ್ನಡಕ ಏರಿಸಿ, ಕೆಳಗಿಟ್ಟಳು.

"ಇದರ ಬಗ್ಗೆ ನನಗೆ ಅನುಮಾನ ಇದೆ" ಎಂದಳು.

ಕಾರ್ಮೆನ್‌ಳ ಹೆಸರಿನ ಪಕ್ಕದ ಚೌಕದೊಳಗೆ ಒಂದು ಗೆರೆ ಶುರುವಾಗಿತ್ತು. ನಡುಗುತ್ತ ಅರ್ಧದಷ್ಟು ಇಳಿದು ಕಡಿದಿತ್ತು, ಕಾಗದ ಜಾರಿದ ಹಾಗೆ. ಒಂದು ಕೂದಲೆಳೆ ಪಕ್ಕದಲ್ಲಿ ಮತ್ತೆ ಶುರುವಾಗಿ, ಚೌಕ ದಾಟಿ ಹೊರಗಿಳಿದು, ಕೊನೆಯಲ್ಲಿ ಎಡಕ್ಕೆ ಒಂದು ಸಣ್ಣ ಕೊಕ್ಕೆ ಹಾಕಿ ನಿಂತಿತ್ತು.

ಆ ಗೆರೆಯನ್ನು ನಾನು ನೂರಾರು ಸಲ ನೋಡಿದ್ದೆ. ಪತ್ರಿಕೆಯ ಅಂಚಿನಲ್ಲಿ, ದಿಂಬಿನ ಕೆಳಗೆ, ಜೂನ್, ಜುಲೈ, ಆಗಸ್ಟ್ ಪೂರ್ತಿ. ವ್ಯಾಯಾಮ ಅಂದುಕೊಂಡಿದ್ದೆ! ಚಮಚ ಹಿಡಿಯಲಾರದ ಮುದುಕಿ, ಚಮಚ ಹಿಡಿಯುವುದನ್ನು ಕಲಿಯದೆ, ಹೆಸರು ಬರೆಯುವುದನ್ನು ಕಲಿಯದೆ, ಮೂರು ತಿಂಗಳು ಕೂತು ಒಂದು ಅಂಕಿ ಕಲಿತಿದ್ದರು.

"ಒಂದು ಅಲ್ದೆ ಇನ್ನೇನ್ರೀ ಅದು?" ಎಂದ ಸಾಲ್ವು.

"ಗೀರು" ಎಂದ ವಾರೆನ್. "ಪೆನ್ಸಿಲ್ ಜಾರಿದೆ ಅಷ್ಟೆ. ಎರಡು ತುಂಡಾಗಿದೆ, ಚೌಕದಿಂದ ಹೊರಗೆ ಹೋಗಿದೆ. ಇದನ್ನ ಅಂಕಿ ಅಂದ್ರೆ ನಮ್ಮ ಮನೆ ಬೆಕ್ಕೂ ಲೆಕ್ಕ ಬರೆಯುತ್ತೆ." ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, "ಆಕ್ಷೇಪ ಹಾಕು ಜನ್. ಹಾಕಿದ್ರೆ ಸಮ ಆಗೇ ಉಳಿಯುತ್ತೆ. ಚೀಟಿ ಎತ್ತೋದ್ರಲ್ಲಿ ಅರ್ಧಕ್ಕರ್ಧ ಅವಕಾಶ ನಮಗೆ."

ನೋಲಾ ನನ್ನ ಕಡೆ ತಿರುಗಿದಳು. "ಮಿಸೆಸ್ ಪೆಂಗೆಲಿ, ಈ ಮೇಜಿಗೆ ಮೇಯರ್ ಪರವಾಗಿ ಹೆಸರು ಕೊಟ್ಟಿರೋದು ನೀವು. ತೀರ್ಮಾನ ನನ್ನದೇ. ಆದರೆ ನಿಮ್ಮ ಮಾತು ಬರೆದುಕೊಳ್ಳಬೇಕು. ಇದು ಒಂದು ಅಂತ ಒಪ್ಪುತ್ತೀರಾ, ಇಲ್ವಾ?"

ಯಾರ ಮತವೆಂದು ನಾನು ಬಾಯಿ ಬಿಡುವಂತಿರಲಿಲ್ಲ. ಬಿಟ್ಟರೆ ಅವರು ಹದಿನೆಂಟು ನಿಮಿಷ ಒಬ್ಬರೇ ಕೂತು ಕಾಪಾಡಿಕೊಂಡ ಗುಟ್ಟು ಅಲ್ಲೇ ಹೋಗುತ್ತಿತ್ತು. ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿರುವುದು ತಪ್ಪೂ ಆಗುತ್ತಿರಲಿಲ್ಲ. ನನಗೆ ರಾಸ್‌ನ ಮುಖ ಕಣ್ಣ ಮುಂದೆ ಬಂತು. ಬೆಳಿಗ್ಗೆ ಟೈ ಕಟ್ಟಲಾಗದೆ ಮೂರು ಸಲ ಬಿಚ್ಚಿ ಕಟ್ಟಿದ್ದ. ಆದರೆ ಆ ಗೆರೆಯ ಮೇಲಿಂದ ಕಣ್ಣು ಕೀಳಲು ನನ್ನಿಂದಾಗಲಿಲ್ಲ. ಅದು ಕಡಿದಿದ್ದ ಜಾಗದಲ್ಲಿ ಅವರು ನಿಲ್ಲಿಸಬಹುದಿತ್ತು. ನಿಲ್ಲಿಸಿರಲಿಲ್ಲ. ಪೆನ್ಸಿಲ್ ಬಿದ್ದ ಸದ್ದು, ಮತ್ತೆ ದಾರ ಎಳೆದ ಸದ್ದು ನನಗೆ ಮತ್ತೆ ಕೇಳಿಸಿತು. ಅಂಥದ್ದನ್ನು ಗೀರು ಎಂದು ಕರೆಯುವ ಬಾಯಿ ನನಗಿರಲಿಲ್ಲ.

"ಅದು ಒಂದು" ಎಂದೆ.

"ಜನ್!" ಎಂದ ವಾರೆನ್.

"ಒಂದೇ ಅದು. ಆಕ್ಷೇಪ ಇಲ್ಲ. ನಿಧಾನವಾಗಿ ಬರೆದಿರೋ ಒಂದು."

ನೋಲಾ ನನ್ನನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಏನು ಹೊಳೆಯಿತೋ ಗೊತ್ತಿಲ್ಲ. ನನ್ನ ಮಾತು ಬರೆದುಕೊಂಡಳು, ಚೀಟಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಕಾರ್ಮೆನ್‌ಳ ಸಾಲಿಗೆ ಇಟ್ಟಳು. ಒಂಬತ್ತು ಸಾವಿರದ ನಾನೂರ ಹದಿನೇಳು.

"ನಿನಗೆ ತಲೆ ಕೆಟ್ಟಿದೆ" ಎಂದು ವಾರೆನ್ ಎಲ್ಲರಿಗೂ ಕೇಳುವಂತೆ ಹೇಳಿದ. "ಗಂಡನ್ನ ಒಂದು ಗೀರಿಗೆ ಮಾರಿದೆ." ಸಾಲ್ವು ಸಂತೋಷಪಡುವುದನ್ನೂ ಮರೆತು ನನ್ನನ್ನೇ ನೋಡುತ್ತಿದ್ದ.

ರಾಸ್ ನದಿಯ ಬಳಿ ಕೊಳದ ಬೇಲಿಗೆ ಕಾರು ತಾಗಿಸಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಕೈಯಲ್ಲಿ ಅರ್ಧ ತಿಂದ ಮಾಂಸದ ಪೈ. ನಾನು ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡೆ.

"ವಾರೆನ್ ಫೋನ್ ಮಾಡಿದ್ದ" ಎಂದ. "ಒಂದು ಮತದಲ್ಲಿ ಹೋಯ್ತಂತೆ. ನೀನೇ ಬಿಟ್ಟುಕೊಟ್ಟೆಯಂತೆ."

"ಬಿಟ್ಟುಕೊಡಲಿಲ್ಲ ರಾಸ್. ಅದು ಒಂದೇ ಆಗಿತ್ತು. ಬೇರೆ ಏನೂ ಅನ್ನೋಕೆ ಆಗ್ತಿರಲಿಲ್ಲ."

ಅವನು ಪೈಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟ. ಬೇಲಿಯಾಚೆಯ ಖಾಲಿ ಕೊಳದ ಕಡೆ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ:

"ಕೊಕ್ಕೆ ಎಡಕ್ಕಿತ್ತಾ?"

ನಾನು ತಿರುಗಿ ಅವನ ಮುಖ ನೋಡಿದೆ.

"ದಿನಾ ಸಂಜೆ ಕಾಗದ ಹಿಡ್ಕೊಳ್ತಿದ್ದವನು ನಾನು, ಜನ್. ಒಂದೇ ಕೈಯಲ್ಲಿ ಬರೆದ್ರೆ ಕಾಗದ ಓಡಿ ಹೋಗುತ್ತಲ್ಲ. ಊಟ ಆದ್ಮೇಲೆ ಪೆನ್ಸಿಲ್ ಕಡೆ ಬೆರಳು ತೋರಿಸೋಳು. ನಾನು ಪೇಪರ್ ಹಿಡ್ಕೊಂಡು ಕೂರ್ತಿದ್ದೆ. ಒಂದೊಂದು ದಿನ ಒಂದು ಗಂಟೆ."

"ಯಾಕೆ ಅಂತ ಗೊತ್ತಿತ್ತಾ ನಿನಗೆ?"

"ಕ್ರಿಸ್ಮಸ್ ದಿನ ಎಲ್ಲರ ಮುಂದೆ ಹೇಳಿದ್ಳಲ್ಲ. ಅಮ್ಮ ಯಾವತ್ತು ಮಾತು ತಪ್ಪಿದ್ದಾಳೆ?"

"ಗೊತ್ತಿದ್ದೂ ಹಿಡ್ಕೊಂಡೆಯಾ?"

"ಕಾಗದ ಜಾರ್ತಿತ್ತು" ಎಂದ ರಾಸ್, ಅದಕ್ಕಿಂತ ಹೆಚ್ಚಿನ ಕಾರಣ ಬೇಕೇ ಎಂಬಂತೆ. ಮತ್ತೆ ಹೇಳಿದ: "ಕೊನೇ ವಾರ ಕೈ ತೆಗೆದೆ. ಅಲ್ಲಿ ನಾನು ಇರಲ್ಲ ಅಮ್ಮ, ನೀನೇ ಏನಾದ್ರೂ ದಾರಿ ಮಾಡ್ಕೋ ಅಂದೆ. ಆಗ ಏನು ಮಾಡಿದ್ಳು ಗೊತ್ತಾ? ಸತ್ತ ಬಲಗೈನ ಎಡಗೈಯಲ್ಲಿ ಎತ್ತಿ ಧೊಪ್ಪಂತ ಕಾಗದದ ಮೇಲೆ ಹಾಕ್ಕೊಂಡ್ಳು. ಕಲ್ಲಿಟ್ಟ ಹಾಗೆ. ಆಮೇಲೆ ನನ್ನ ನೋಡಿ ನಕ್ಕಳು ಜನ್. ಪಾರ್ಶ್ವವಾಯು ಆದ್ಮೇಲೆ ಅದೇ ಮೊದಲ ಸಲ ನಕ್ಕಿದ್ದು."

ಮೂವತ್ತು ವರ್ಷ ಒಂದೇ ಕುಟುಂಬದಲ್ಲಿ ಇದ್ದು ನಾನು ಇಬ್ಬರನ್ನೂ ಅರಿತಿರಲಿಲ್ಲ. ಒಬ್ಬರು ಮಗನನ್ನು ಸೋಲಿಸಲು ಅವನಿಂದಲೇ ಕಾಗದ ಹಿಡಿಸಿದ ತಾಯಿ. ಇನ್ನೊಬ್ಬ ತನ್ನ ಸೋಲೆಂದು ತಿಳಿದೂ ಅಲುಗಾಡದೆ ಹಿಡಿದು ಕೂತ ಮಗ. ಇಂಥವರ ಪಕ್ಕದಲ್ಲಿ ಕೂತು ನಾನು ಇಷ್ಟು ವರ್ಷ ಚಹ ಕುಡಿದಿದ್ದೆನಲ್ಲ! ರಾಸ್ ಅಳುತ್ತಿದ್ದ. ದುಃಖಕ್ಕೋ ಮತ್ತೊಂದಕ್ಕೋ ನಾನು ಕೇಳಲಿಲ್ಲ. ಅವನ ಪೈ ತಣ್ಣಗಾಗುವ ತನಕ ಇಬ್ಬರೂ ಅಲ್ಲೇ ಕೂತಿದ್ದೆವು.

ವಾರೆನ್ ನನ್ನೊಂದಿಗೆ ಮಾತು ಬಿಟ್ಟು ಮೂರು ವರ್ಷವಾಯಿತು. ಕೊಳದ ಕಥೆ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಕಾರ್ಮೆನ್ ಮಾರಾಟ ನಿಲ್ಲಿಸಿದಳು, ಆದರೆ ಬಿರುಕು ಅವಳು ಅಂದುಕೊಂಡದ್ದಕ್ಕಿಂತ ಆಳವಾಗಿತ್ತು. ಎರಡು ಬೇಸಿಗೆ ಕೊಳ ಮುಚ್ಚಿಯೇ ಇತ್ತು, ಈಗ ಮಕ್ಕಳ ಭಾಗ ಮಾತ್ರ ತೆರೆದಿದೆ. "ಸೋರ್ತಿದೆ ಅಂತ ನಾನು ಹೇಳಿರಲಿಲ್ವಾ?" ಎಂದು ರಾಸ್ ಅವಳನ್ನು ಬೇಕರಿಯಲ್ಲಿ ಹಿಡಿದು ಕೂಗಾಡುತ್ತಾನೆ. ಅವಳು ನಗುತ್ತ ಕೇಳಿಸಿಕೊಳ್ಳುತ್ತಾಳೆ.

ಅಧಿಕಾರ ವಹಿಸಿಕೊಡುವ ದಿನದ ಸಭೆಗೆ ಅತ್ತೆಯೂ ಬಂದಿದ್ದರು. ಪುರಭವನದ ಹಿಂದಿನ ಸಾಲಿನಲ್ಲಿ ಅವರ ಗಾಲಿಕುರ್ಚಿ, ಪಕ್ಕದಲ್ಲಿ ನಾನು. ರಾಸ್ ತನ್ನ ಕೊರಳಿನಲ್ಲಿದ್ದ ಮೇಯರ್ ಪದವಿಯ ಸರವನ್ನು ತೆಗೆದು ಕಾರ್ಮೆನ್‌ಳ ಕೊರಳಿಗೆ ಹಾಕಿದ. ಅವಳ ಕೂದಲಿಗೆ ಸಿಕ್ಕಿಕೊಂಡ ಕೊಂಡಿಯನ್ನು ಅವನೇ ಬಿಡಿಸಿದ. ಜನ ಎದ್ದು ಚಪ್ಪಾಳೆ ತಟ್ಟಿದರು. ಅತ್ತೆ ಎಡ ಅಂಗೈಯಿಂದ ಕುರ್ಚಿಯ ಕೈಯನ್ನು ಬಡಿಯುತ್ತಿದ್ದರು, ಎಲ್ಲರೂ ನಿಲ್ಲಿಸಿದ ಮೇಲೂ ಬಡಿಯುತ್ತಲೇ ಇದ್ದರು. ಹೊಸ ಮೇಯರಿಗೋ, ಹಳೆಯ ಮೇಯರಿಗೋ ಎಂದು ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ.

ರಾಸ್ ವೇದಿಕೆಯಿಂದಿಳಿದು ನೇರವಾಗಿ ನಮ್ಮ ಬಳಿ ಬಂದು ಅವರ ಮುಂದೆ ಕುಕ್ಕರಗಾಲಲ್ಲಿ ಕೂತ. ಸರ ತೆಗೆಯುವಾಗ ಅವನ ಕಾಲರ್ ಮಡಚಿಕೊಂಡಿತ್ತು. ಅತ್ತೆ ನಡುಗುವ ಬೆರಳುಗಳಿಂದ ಅದನ್ನು ಸರಿಮಾಡಲು ಹೊರಟರು. ಮೊದಲ ಸಲ ಬೆರಳು ಕಿವಿಗೆ ತಾಗಿತು, ಎರಡನೆಯ ಸಲ ಗಲ್ಲಕ್ಕೆ. ರಾಸ್ ತಲೆ ಅಲುಗಿಸದೆ ಕೂತಿದ್ದ. ಹಿಂದೆ ಜನ ಹೊರಗೆ ಹೋಗಲು ದಾರಿ ಕಾಯುತ್ತ ನಿಂತರು.